ಬೆಲ್ಲಕ್ಕೆ ತೂಗಿದ ಕೂಸು

ಟಿಕೋಟಾದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನನ್ನ ಕಿರಾಣಿ ಅಂಗಡಿ. ಹೆಸರು ಶಿವಯೋಗೆಪ್ಪ. ಬೆನ್ನ ಹಿಂದೆ ಊರವರು 'ಸಿಡುಕ ಸಾವಕಾರ' ಅನ್ನುತ್ತಾರೆಂದು ನನಗೆ ಗೊತ್ತು. ಅನ್ನಲಿ. ಮೂವತ್ತು ವರ್ಷ ತಕ್ಕಡಿ ಹಿಡಿದಿದ್ದೇನೆ, ಒಂದು ಗುಂಜಿ ಕಡಿಮೆ ಕೊಟ್ಟವನಲ್ಲ, ಹೆಚ್ಚು ಕೊಟ್ಟವನೂ ಅಲ್ಲ. ಸರ್ಕಾರ ಸೇರು ತೆಗೆದು ಕಿಲೋ ತಂದಾಗ ಮೂರು ದಿನ ನನಗೆ ಊಟ ಸೇರಲಿಲ್ಲ. ತೂಗಲು ಹೊಸ ಕಬ್ಬಿಣದ ಕಲ್ಲುಗಳನ್ನೇನೋ ತಂದಿಟ್ಟುಕೊಂಡೆ, ಸರ್ಕಾರದ ಮೇಲಿನ ಸಿಟ್ಟು ಮಾತ್ರ ಹಾಗೇ ಉಳಿದಿತ್ತು.

ಅಂಥ ಹೊತ್ತಿನಲ್ಲಿ, ಅರವತ್ತೊಂದರ ದೀಪಾವಳಿ ಮುಗಿದ ವಾರ, ಸೋನಾಬಾಯಿ ಅಕ್ಕೋರು ವಿಜಾಪುರದ ಬಸ್ಸಿನಿಂದ ಇಳಿದರು. ಸರ್ಕಾರದ ಅನುದಾನದಲ್ಲಿ ನಮ್ಮೂರಿಗೆ ಬಾಲವಾಡಿ ಮಂಜೂರಾಗಿತ್ತು, ಅದಕ್ಕೆ ಇವರು ಶಿಕ್ಷಕಿ. ಬಸ್ಸಿನ ನೆತ್ತಿಯಿಂದ ಹಾಲಿನ ಪುಡಿಯ ಡ್ರಮ್ಮೂ ಇಳಿಯಿತು. ಅದರ ಮೇಲಿನ ಇಂಗ್ಲಿಷ್ ಅಕ್ಷರ ಓದಲು ಊರಿನಲ್ಲಿ ಯಾರಿಗೂ ಬರಲಿಲ್ಲ. ಗೋಡೆಗೆ ಬಳಿಯುವ ಸುಣ್ಣ ಇರಬೇಕೆಂದು ನಾನೇ ನಾಲ್ಕು ಜನರ ಮುಂದೆ ಹೇಳಿ ನಕ್ಕಿದ್ದೆ.

ಮರುದಿನ ಅಕ್ಕೋರು ಅಂಗಡಿಗೆ ಬಂದರು.

"ಸಾವಕಾರ್ರ, ನಿಮ್ಮ ದೊಡ್ಡ ತಕ್ಕಡಿ ಒಂದಿನ ಬೇಕಾಗಿತ್ರಿ. ಕೂಸುಗಳ್ನ ತೂಗಬೇಕು."

"ಕೂಸುಗಳ್ನ? ನಾ ಏನ್ ಮೆಣಸಿನಕಾಯಿ ತೂಗ್ತೀನಂತ ಕೂಸುಗಳ್ನೂ ತೂಗ್ಲೇನು?"

ಅವರು ಸಿಟ್ಟಾಗಲಿಲ್ಲ. ಮೂವತ್ತು ಕೂಸುಗಳಿಗೆ ಮೂರು ತಿಂಗಳ ಹಾಲು ಮಂಜೂರಾಗಿದೆ ಎಂದು ಸಮಾಧಾನದಿಂದ ತಿಳಿಸಿದರು. ಮೊದಲಿಗೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಕೂಸುಗಳ ತೂಕ ಬರೆದು ತೋರಿಸಬೇಕು. ತೋರಿಸಿದರೆ ಅನುದಾನ ಮುಂದುವರಿಯುತ್ತದೆ, ಇಲ್ಲವಾದರೆ ಬಾಲವಾಡಿಯೂ ಹಾಲೂ ನೆರೆಯೂರು ಬಬಲೇಶ್ವರದ ಪಾಲು. ಕೊಡುತ್ತೇವೆಂದಿದ್ದ ತೂಕದ ಯಂತ್ರ ವಿಜಾಪುರದಿಂದ ಬಂದೇ ಇರಲಿಲ್ಲ.

"ತಕ್ಕಡಿ ಒಯ್ರಿ. ಆದ್ರ ಯಾವ ತಾಯಿ ತರತಾಳ ನೋಡ್ರಿ" ಅಂದೆ.

ನನ್ನ ಮಾತು ನಿಜವಾಯಿತು. ಕೂಸನ್ನು ಕಲ್ಲಿಗೆ ತೂಗಬಾರದೆಂದು ನಮ್ಮ ಕಡೆ ನಂಬಿಕೆ. ತೂಗಿದ ಕೂಸು ಅಳತೆಗೆ ಸಿಕ್ಕಿತು, ಇನ್ನು ಬೆಳೆಯುವುದಿಲ್ಲ ಎನ್ನುತ್ತಾರೆ. ಅದಕ್ಕೆ ಸಾಕ್ಷಿಯೂ ಇದ್ದಳು, ಹನಮವ್ವ. ಹೊಲದ ಕೂಲಿಗೆ ಹೋಗುವ ಹೆಣ್ಣುಮಗಳು. ಎರಡು ವರ್ಷದ ಹಿಂದೆ ಅವಳ ಗಂಡುಕೂಸಿಗೆ ಜ್ವರ ಬಂದು ಆಸ್ಪತ್ರೆಗೆ ಒಯ್ದಿದ್ದಳು. ಅಲ್ಲಿ ತೂಗಿದರು. ನಾಲ್ಕನೆಯ ದಿನ ಕೂಸು ಹೋಯಿತು. ಜಡ್ಡಿನ ಕೂಸನ್ನೇ ಅಲ್ಲವೇ ಆಸ್ಪತ್ರೆಗೆ ಒಯ್ಯುವುದು ಎಂದು ಅಕ್ಕೋರು ಓಣಿ ಓಣಿ ತಿರುಗಿ ಹೇಳಿದರು. ತಾಯಂದಿರೆಲ್ಲ ಕೇಳಿ, ಹನಮವ್ವನ ಮುಖ ನೋಡಿ, ಬಾಗಿಲು ಹಾಕಿಕೊಂಡರು. ಹಾಲು ಕುಡಿಯಲು ಮೂವತ್ತೂ ಕೂಸುಗಳು ಬಂದವು, ತೂಕಕ್ಕೆ ಒಂದೂ ಬರಲಿಲ್ಲ, ತಕ್ಕಡಿ ಅಂಗಡಿಯಲ್ಲೇ ಉಳಿಯಿತು.

ಹನಮವ್ವನಿಗೆ ಉಳಿದವಳು ಮಗಳು ರುದ್ರವ್ವ ಒಬ್ಬಳೇ. ಎರಡು ತುಂಬಿದ್ದರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಕಾಲು ಹಂಚಿಕಡ್ಡಿಯಷ್ಟು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅವಳನ್ನು ನೋಡಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆ ಶನಿವಾರ ಮಧ್ಯಾಹ್ನ ಹನಮವ್ವ ಕೂಸನ್ನು ಕಟ್ಟಿಕೊಂಡು ಅಂಗಡಿಗೆ ಬಂದಳು.

"ಯಪ್ಪಾ, ಹನಮಪ್ಪಗ ಹರಕಿ ಹೊತ್ತೀನಿ. ನನ್ನ ಮಗಳು ಎದ್ದು ನಡದ್ರ ಆಕಿ ತೂಕದ ಬೆಲ್ಲ ಹಂಚತೀನಿ. ಈಗ ಬೆಲ್ಲ ತೂಗಿ ತಗದಿಡ್ರಿ, ಸುಗ್ಗಿ ಕೂಲಿ ಬಂದ್ ಮ್ಯಾಲ ಒಯ್ತೀನಿ."

"ಕೂಸು ತೂಗಬಾರ್ದು ಅಂದಾಕಿ ನೀನ ಅಲ್ಲೇನು ಬೇ?"

"ದೇವರಿಗೆ ತೂಗಿದ್ರ ತೂಗಿದಂಗ ಅಲ್ರಿ. ಅದು ದೇವರ ಲೆಕ್ಕ."

ತೊಲೆಗೆ ನೇತುಹಾಕಿದ ತಕ್ಕಡಿಯ ಒಂದು ತಟ್ಟೆಗೆ ಅವಳ ಹಳೇ ಸೀರೆ ಹಾಸಿ ರುದ್ರವ್ವನನ್ನು ಕೂರಿಸಿದೆವು. ಇನ್ನೊಂದಕ್ಕೆ ನಾನು ಪೆಂಟೆಯಿಂದ ಬೆಲ್ಲ ಒಡೆದೊಡೆದು ಹಾಕಿದೆ. ಎರಡೇ ದೊಡ್ಡ ತುಂಡು, ಮೇಲೊಂದಿಷ್ಟು ಚೂರು. ಅಷ್ಟಕ್ಕೇ ಮುಳ್ಳು ನಡುವೆ ನಿಂತಿತು. ಎರಡು ವರ್ಷದ ಕೂಸಿಗೆ ಇಷ್ಟೇ ಬೆಲ್ಲವೇ ಎಂದು ನನ್ನ ಕೈ ತಾನಾಗಿಯೇ ಇನ್ನೊಂದು ತುಂಡು ಎತ್ತಿತು. ಹಾಕುವಂತಿರಲಿಲ್ಲ, ಮತ್ತೆ ಕೆಳಗಿಟ್ಟೆ.

ಅವಳು ಕೂಸನ್ನು ಎತ್ತಿಕೊಂಡಳು. ನಾನು ಅಭ್ಯಾಸ ಬಲದಿಂದ, ಅಂಗಡಿಯ ಯಾವ ಸಾಮಾನನ್ನೂ ತೂಗದೆ ತೆಗೆದಿಡಬಾರದೆಂದು, ಆ ಬೆಲ್ಲವನ್ನು ಕಿಲೋ ಕಲ್ಲಿಗೆ ಹಾಕಿದೆ. ಏಳು ಕಿಲೋ, ಅಷ್ಟೇ. ಆಗ ಹೊಳೆಯಿತು ನೋಡಿ. ನಾನು ತೂಗಿದ್ದು ಬೆಲ್ಲವನ್ನು, ಕೂಸನ್ನಲ್ಲ. ಆದರೆ ಕೂಸಿನ ತೂಕ ನನ್ನ ಕೈಯಲ್ಲಿತ್ತು.

ಹೆಗಲ ಮೇಲಿನ ವಸ್ತ್ರ ಜಾರಿದ್ದೂ ತಿಳಿಯದೆ ಬಾಲವಾಡಿಗೆ ಓಡಿದೆ. ಅಕ್ಕೋರು ಕೇಳಿ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಸೋಮವಾರದ ಹೊತ್ತಿಗೆ ಸುದ್ದಿ ಓಣಿಗಳಿಗೆಲ್ಲ ಮುಟ್ಟಿತ್ತು. ದೇವರಿಗೆ ತೂಗುವುದಾದರೆ ಯಾರಿಗೂ ತಕರಾರಿರಲಿಲ್ಲ. ಇಪ್ಪತ್ತೊಂಬತ್ತು ತಾಯಂದಿರು ಸಾಲಾಗಿ ನಿಂತರು. ಒಬ್ಬೊಬ್ಬರೂ ಬೆಲ್ಲಕ್ಕೆ ತೂಗಿಸಿ, ಒಂದು ಚೂರು ದೇವರ ಹೆಸರಿನಲ್ಲಿ ಒಯ್ದರು. ಉಳಿದ ಬೆಲ್ಲವನ್ನು ನಾನು ಕಲ್ಲಿಗೆ ಹಾಕಿ ಹೇಳಿದೆ, ಅಕ್ಕೋರು ಬರೆದುಕೊಂಡರು. ಒಯ್ದ ಚೂರಿನ ತೂಕ ಕೂಡಿಸದೆ ಬಿಟ್ಟವನಲ್ಲ ನಾನು, ಅದೂ ಬರೆಸಿದೆ.

ಹನಮವ್ವನ ಬೆಲ್ಲ ಮಾತ್ರ ಹರಕೆಯದು. ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಇರುವೆ ಹತ್ತದ ಹಾಗೆ ಹಗ್ಗಕ್ಕೆ ಬೇವಿನೆಣ್ಣೆ ಸವರಿ ತೊಲೆಗೆ ನೇತುಹಾಕಿದೆ.

ಆ ಚಳಿಗಾಲ ನಾನು ಕಂಡದ್ದನ್ನು ಹೇಗೆ ಹೇಳಲಿ. ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು, ಅಕ್ಕೋರು ಪುಡಿ ಕಲಸುತ್ತಿದ್ದರು, ಎಲ್ಲ ಓಣಿಯ ಕೂಸುಗಳೂ ಒಂದೇ ಸಾಲಿನಲ್ಲಿ ಲೋಟ ಹಿಡಿದು ಕೂರುತ್ತಿದ್ದವು. ಸಂಕ್ರಾಂತಿಯ ಹೊತ್ತಿಗೆ ರುದ್ರವ್ವ ನನ್ನ ಜೋಳದ ಚೀಲ ಹಿಡಿದು ಎದ್ದು ನಿಂತಳು. ಯಾವುದೋ ಕಚೇರಿಯಲ್ಲಿ, ಟಿಕೋಟಾ ಎಂಬ ಊರನ್ನೇ ಕಾಣದ ಯಾರೋ ಒಬ್ಬರು, ಅಲ್ಲಿಯ ಮೂವತ್ತು ಕೂಸುಗಳಿಗೆ ದಿನಾ ಒಂದು ಲೋಟ ಹಾಲು ಎಂದು ಬರೆದಿದ್ದರು. ದಿನಾ ಎದುರಿಗಿದ್ದ ನಾನು ಬೇರೆ ಕಡೆ ನೋಡಿದ್ದೆ, ಕಾಣದವರು ನೋಡಿದ್ದರು. ಸರ್ಕಾರಕ್ಕೆ ಇಂಥ ಕಣ್ಣೂ ಇದೆಯೆಂದು ನಾನು ಎಣಿಸಿರಲಿಲ್ಲ.

ಮೂರು ತಿಂಗಳಾಯಿತು. ವಿಜಾಪುರದಿಂದ ತಪಾಸಣೆಗೆ ಹಣಮಂತರಾಯ ಸಾಹೇಬರು ಬಂದರು. ನನ್ನ ಅಂಗಡಿಯ ಮುಂದೆ ಕೂತು ತೂಕದ ಪಟ್ಟಿ ನೋಡಿ ಕೇಳಿದರು.

"ಯಂತ್ರ ಇಲ್ದ ಹೆಂಗ ತೂಗಿದ್ರಿ?"

ಅಕ್ಕೋರು ಸುಳ್ಳು ಹೇಳುವವರಲ್ಲ, ಬೆಲ್ಲದ ಕತೆ ಹೇಳಿದರು. ಸಾಹೇಬರು ಪಟ್ಟಿ ಮಡಚಿದರು.

"ಬೆಲ್ಲದ ತೂಕಕ್ಕ ನಾ ಸಹಿ ಹಾಕೂದು ಹೆಂಗ್ರಿ? ನನ್ನ ಕಣ್ಣೆದುರು ಕಲ್ಲು ಇಟ್ಟು ಕೂಸು ತೂಗಬೇಕು. ಇಲ್ಲಂದ್ರ ಅನುದಾನ ಬಬಲೇಶ್ವರಕ್ಕ ಬರೀತೀನಿ."

ಕೆಟ್ಟ ಮನುಷ್ಯನಲ್ಲ. ತೂಕದ ವಿಷಯದಲ್ಲಿ ನನ್ನಂಥವನೇ. ಅಂಗಡಿಯ ಮುಂದೆ ನೆರೆದಿದ್ದ ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು. ಎಲ್ಲರ ಕಣ್ಣೂ ಹನಮವ್ವನ ಮೇಲೆ. ಅವಳು ಹೂಂ ಅಂದರೆ ಹಾಲು ಉಳಿಯುತ್ತದೆ. ಆದರೆ ಕೇಳುತ್ತಿರುವುದು ಅವಳಿಗಿರುವ ಒಂದೇ ಕೂಸನ್ನು. ನಾನು ಅವಳನ್ನು ಒತ್ತಾಯಿಸಲಿಲ್ಲ.

ಅವಳೇ ತಕ್ಕಡಿಯ ಹತ್ತಿರ ಬಂದಳು.

"ಸಾವಕಾರ್ರ, ಮೊದಲ ನನ್ನ ಹರಕಿ ಬೆಲ್ಲ ಇಳಸ್ರಿ."

ಗಂಟು ಇಳಿಸಿ, ಎಲ್ಲರೆದುರು ಕಲ್ಲಿಗಿಟ್ಟು ತೋರಿಸಿದೆ. ಅದೇ ಏಳು ಕಿಲೋ. ಹನಮವ್ವ ರುದ್ರವ್ವನನ್ನು ತಟ್ಟೆಯಲ್ಲಿ ಕೂರಿಸಿದಳು. ನಾನು ಎದುರು ತಟ್ಟೆಗೆ ಬೆಲ್ಲ ಇಟ್ಟು ಕೈ ಬಿಟ್ಟೆ.

ಕೂಸಿನ ತಟ್ಟೆ ದಡ್ಡೆಂದು ನೆಲಕ್ಕೆ ಕೂತಿತು. ಬೆಲ್ಲ ಮೇಲೆ ಹೋಗಿ ತೂಗಾಡಿತು.

ಮೂವತ್ತು ವರ್ಷದಲ್ಲಿ ಆ ತಕ್ಕಡಿ ಸಾವಿರಾರು ಸಲ ಏರಿಳಿದದ್ದನ್ನು ನೋಡಿದ್ದೇನೆ. ಅಂದು ಮಾತ್ರ ನನಗೆ ಕೈ ಮುಗಿಯಬೇಕೆನಿಸಿತು. ಒಂದು ತುಂಡು ಹಾಕಿದೆ, ಏಳಲಿಲ್ಲ. ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಕೂಸು ನಿಧಾನವಾಗಿ ನೆಲ ಬಿಟ್ಟಿತು. ಹನಮವ್ವ ಆ ಮೂರು ತುಂಡುಗಳನ್ನು ಎತ್ತಿ ಸೆರಗಿಗೆ ಹಾಕಿಕೊಂಡು ನೋಡಿದಳು. ಮೂರು ತಿಂಗಳ ಹಿಂದೆ ಅಷ್ಟು ಮಗಳು ಅವಳಿಗಿರಲಿಲ್ಲ.

"ತೂಗಿದ ಮ್ಯಾಲೂ ಬೆಳದಾಳ" ಅಂದಳು, ತನಗೆ ತಾನೇ. ಮತ್ತೆ ಗಟ್ಟಿಯಾಗಿ, "ತೂಗಿದ ಮ್ಯಾಲೂ ಬೆಳದಾಳ ನನ್ನ ಮಗಳು!"

ಹಾಗೆಂದು ಎದುರು ತಟ್ಟೆಯ ಬೆಲ್ಲವನ್ನೆಲ್ಲ ತೆಗೆದಳು. ನನ್ನ ಕಬ್ಬಿಣದ ಐದು ಕಿಲೋ ಕಲ್ಲನ್ನು ತಾನೇ ಎರಡೂ ಕೈಯಿಂದ ಎತ್ತಿಟ್ಟಳು.

"ಇನ್ನ ಎಷ್ಟು ಬೇಕೋ ಅಷ್ಟು ಕಲ್ಲು ಇಡ್ರಿ. ನಾ ಅಂಜಂಗಿಲ್ಲ."

ಉಳಿದ ಕಲ್ಲುಗಳನ್ನು ನಾನಿಟ್ಟೆ. ಎಂಟೂವರೆ ಕಿಲೋ. ಸಾಹೇಬರು ಬರೆದುಕೊಂಡರು. ಅವಳ ಹಿಂದೆ ಇಪ್ಪತ್ತೊಂಬತ್ತು ತಾಯಂದಿರು ಸಾಲು ಕಟ್ಟಿದರು.

ರುದ್ರವ್ವ ಯಾರ ಕೈಯನ್ನೂ ಕಾಯಲಿಲ್ಲ. ತಟ್ಟೆಯಿಂದ ತಾನೇ ಇಳಿದು, ಬೆಲ್ಲದತ್ತ ನಾಲ್ಕು ಹೆಜ್ಜೆ ನಡೆದು, ಒಂದು ಚೂರು ಬಾಯಿಗೆ ಹಾಕಿಕೊಂಡಳು. ಹರಕೆ ಮುಟ್ಟಿತೆಂದು ಹನಮವ್ವ ಅಲ್ಲೇ ಬೆಲ್ಲ ಹಂಚಲು ಶುರುಮಾಡಿದಳು. ಮೊದಲ ತುಂಡನ್ನು ಸಾಹೇಬರಿಗೆ ಕೊಟ್ಟಳು.

"ಇದು ನಿಮಗಲ್ರಿ ಯಪ್ಪಾ. ಹಾಲು ಕಳಿಸ್ಯಾರಲ್ಲ, ಅವರಿಗೆ ಮುಟ್ಟಸ್ರಿ."

ಅವರು ಯಾರೆಂದು ಸಾಹೇಬರಿಗಾದರೂ ಗೊತ್ತಿತ್ತೋ ಇಲ್ಲವೋ. ಅದನ್ನು ಕರವಸ್ತ್ರದಲ್ಲಿ ಕಟ್ಟಿ, ಎದೆಯ ಜೇಬಿನಲ್ಲಿಟ್ಟುಕೊಂಡು, ಮುಂದಿನ ಕೂಸನ್ನು ಕರೆದರು.