ಗುಂಡಿಯ ಬಳಿ ನಿಲ್ಲುವವರು

ಹನಿ ಹನಿ ಕೂಡಿದರೆ ಹಳ್ಳ, ಮನೆ ಮನೆ ಕೂಡಿದರೆ ಮೋರಿ. ಗಾದೆಯನ್ನು ನಾನೇ ಕೆಡಿಸಿದ್ದು. ಕತೆಯನ್ನು ಮಾತ್ರ ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮೇಸ್ತ್ರಿ ಮನೆಗಳಿಗೆ ಕೊಳಚೆ ಪೈಪು ಹಾಕುವವರು. ನಾನು ಅವರ ಕೈಕೆಳಗೆ ಪೈಪು ಜೋಡಿಸುವವನು. ಕಾಲೇಜಿನಲ್ಲಿ ಸಿಕ್ಕಿದ್ದು ಒಂದೇ ಡಿಗ್ರಿ, ಅದೂ ಇಳಿಜಾರಿಗಷ್ಟೇ ಸಾಕಾಯಿತು. ಇಳಿಜಾರು ಕಡಿಮೆಯಾದರೆ ಕೊಳಕು ನಿಲ್ಲುತ್ತದೆ. ಹೆಚ್ಚಾದರೆ ನೀರು ತಾನೊಂದೇ ಓಡಿಹೋಗಿ ಕೊಳಕನ್ನು ಹಿಂದೆ ಬಿಡುತ್ತದೆ. ಅದಕ್ಕೇ ಕಮೋಡು ಕೂರಿಸುವ ಮೊದಲು, ಪೈಪಿಗೆ ಮಣ್ಣು ಮುಚ್ಚುವ ಮೊದಲು, ಮಹಡಿಯ ಮೇಲಿನ ಪೈಪಿನ ಬಾಯಿಗೆ ಕಾಗದದ ಉಂಡೆ ಹಾಕಿ ಒಂದು ಬಕೆಟ್ ನೀರು ಸುರಿಯಬೇಕು. ಕೆಳಗೆ ಪೈಪು ಬಂದು ಬೀಳುವ ಗುಂಡಿಯ ಬಳಿ ನಿಂತವರು, ಉಂಡೆ ನೀರಿನ ಜೊತೆಗೇ ಬಂತೋ ಇಲ್ಲವೋ ನೋಡಿ, ಪೈಪಿನೊಳಗೇ ಕೂಗಿ ಹೇಳಬೇಕು.

ಇಪ್ಪತ್ತು ವರ್ಷ ಗುಂಡಿಯ ಬಳಿ ನಿಂತದ್ದು ಮೇಸ್ತ್ರಿಯ ಹೆಂಡತಿ. ಹೋದ ವರ್ಷ ಆಕೆ ತೀರಿಕೊಂಡರು. ಆಮೇಲೆ ಮೇಸ್ತ್ರಿ ಅಲ್ಲಿ ಯಾರನ್ನೂ ನಿಲ್ಲಗೊಡಲಿಲ್ಲ. ತಾವೇ ಸುರಿದು, ಎರಡು ಮಹಡಿ ಕುಂಟುತ್ತಾ ಇಳಿಯುವಷ್ಟರಲ್ಲಿ ನೀರು ಹೋಗಿಯಾಗಿರುತ್ತಿತ್ತು. ಉಂಡೆ ಜೊತೆಗೆ ಬಂತೋ ಹಿಂದೆ ಬಂತೋ ಗೊತ್ತಾಗುವುದು ಹೇಗೆ? ಎರಡು ಮನೆಗಳ ಪೈಪು ಕಟ್ಟಿಕೊಂಡು ಮತ್ತೆ ಅಗೆಯಬೇಕಾಯಿತು. ಈ ಮನೆಯೇ ಕೊನೆ, ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ ಇದು ಎಂದು ಮುಂದಿನ ಮನೆಯಲ್ಲಿ ನೀರು ಸುರಿದು ನೋಡುವ ದಿನ ಬೆಳಿಗ್ಗೆ ನೆಲ ನೋಡುತ್ತಾ ಹೇಳಿದರು. ಊಟದ ಡಬ್ಬಿಯನ್ನೂ ನನ್ನಿಂದ, ಗಾರೆ ಕೆಲಸದವನಿಂದ ದೂರ, ಪೈಪುಗಳ ರಾಶಿಯ ಹಿಂದೆ ಕೂತು ಬಿಚ್ಚಿದರು.

ಅವರು ಬಕೆಟ್ ಹಿಡಿದು ಮೇಲೆ ಹೋದದ್ದೇ ನಾನು ಗುಂಡಿಗಿಳಿದೆ. ಯಾರ ದನಿಯಾದರೂ ನನ್ನ ಗಂಟಲಿಗೆ ಬರುತ್ತದೆ, ಅದೊಂದು ಚಟ. ಗಾರೆಯವನು ಬೇಡವೆಂದು ಕೈ ಆಡಿಸಿದ. ನೀರು ಬಂತು, ಉಂಡೆ ಅದರ ಬೆನ್ನ ಮೇಲೇ ಕೂತು ಬಂತು. ಪೈಪಿಗೆ ಬಾಯಿಟ್ಟು ಆಕೆಯ ದನಿಯಲ್ಲಿ, ಸತ್ತವರಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಬೆರೆಸಿ ಕೂಗಿದೆ:

“ಬಂತು ರೀ. ಜೊತೇಲೇ ಬಂತು.”

ಗಾರೆಯವನು ಹಣೆ ಚಚ್ಚಿಕೊಂಡ. ತಪ್ಪಾಯಿತು ಅನ್ನಲು ಮತ್ತೆ ಪೈಪಿಗೆ ಬಾಯಿಟ್ಟೆ.

ಅಷ್ಟರಲ್ಲಿ ಪೈಪೇ ಮೇಸ್ತ್ರಿಯ ದನಿಯಲ್ಲಿ ಗಂಟಲು ಸರಿಮಾಡಿಕೊಂಡಿತು.

“ಅವಳು ಯಾವತ್ತು ಕಣೋ ಇಷ್ಟು ಮರ್ಯಾದೆಯಾಗಿ ಹೇಳಿದ್ದು? ‘ಬಂತು, ಕಿವುಡಾ, ಇಳಿ ಇನ್ನು’ ಅಂತಿದ್ದಳು. ಇನ್ನೊಂದು ಬಕೆಟ್ ಹಾಕ್ತೀನಿ, ಅಲ್ಲೇ ನಿಂತಿರು. ಸರಿಯಾಗಿ ಬೈಬೇಕು.”

ನೀರು ಬಂತು. ಬೈದೆ. ಗಾರೆಯವನು ನಕ್ಕ, ನಾನೂ ನಕ್ಕೆ. ನಮ್ಮಿಬ್ಬರ ನಗುವನ್ನೂ ಮುಳುಗಿಸುತ್ತಾ ಪೈಪಿನ ಉದ್ದಕ್ಕೂ ಮೇಸ್ತ್ರಿಯ ನಗು ಇಳಿದು ಬಂತು.