ನಾಲ್ಕು ಗಂಟಲಿನ ಕಾರು

ಲೇತ್ ಮುಂದೆ ನಿಂತರೆ ಗಂಡನಿಗೆ ಊಟದ ನೆನಪಿರುವುದಿಲ್ಲ, ಸ್ಟಿಯರಿಂಗ್ ಹಿಡಿದರೆ ಹೆಂಡತಿಗೆ ಮನೆಯ ನೆನಪಿರುವುದಿಲ್ಲ. ಒಬ್ಬರನ್ನೊಬ್ಬರು ಬೈಯುವುದಕ್ಕೆ ಇಬ್ಬರಿಗೂ ಅಷ್ಟು ಸಾಕಾಗಿತ್ತು. ಅವನು ಲೇತಿನಲ್ಲಿ ಲೋಹ ಕೊರೆಯುವ ಟರ್ನರ್, ಮನೆಯ ಹಿಂದಿನ ಶೆಡ್ಡಿನಲ್ಲೇ ಅವನ ವರ್ಕ್‌ಶಾಪು. ಅವಳು ಊರಿಗೆಲ್ಲ ಕಾರು ಕಲಿಸಿದವಳು. ಬೀದಿಯಲ್ಲಿ ಓಡಾಡುವ ಅರ್ಧ ಜನ ಅವಳ ಕೈಲಿ ಬೈಸಿಕೊಂಡೇ ಕ್ಲಚ್ ಬಿಡುವುದನ್ನು ಕಲಿತವರು. ಎಲ್ಲರೂ ಅವಳನ್ನು ಟೀಚರ್ ಅಂತಲೇ ಕರೆಯುತ್ತಿದ್ದರು, ಕಟ್ಟಿಕೊಂಡ ಗಂಡನೂ ಸೇರಿ.

ಹೋದ ವರ್ಷ ಆ ಟೀಚರಿಗೆ ಬಲಗಡೆ ಲಕ್ವ ಹೊಡೆಯಿತು. ಪುಣ್ಯಕ್ಕೆ ಮಾತು ಉಳಿಯಿತು, ಕೈ ಉಳಿಯಿತು, ನಿಧಾನಕ್ಕೆ ತೊಡೆಗೂ ಬಲ ಬಂತು. ಪಾದ ಮಾತ್ರ ಜಪ್ಪಯ್ಯ ಅಂದರೂ ಮಾತು ಕೇಳಲಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಬ್ರೇಕ್ ಒತ್ತುವುದಕ್ಕೆ ತೊಡೆಯ ಬಲ ಸಾಕು, ಧೈರ್ಯವಿದ್ದರೆ ಓಡಿಸಿ ಎಂದರು. ಆದರೆ ಆಕ್ಸಿಲರೇಟರು ತೊಡೆಯ ಕೆಲಸವಲ್ಲವಲ್ಲ, ಪಾದದ ಕೆಲಸ. ಅವರ ಹಳೇ ಕಾರಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರೋ ಸವೆದು ಸುಣ್ಣವಾಗಿತ್ತು, ಪೆಡಲು ಅರ್ಧ ಒತ್ತಿದ ಮೇಲೆ ಇಂಜಿನ್ನಿಗೆ ಎಚ್ಚರವಾಗುತ್ತಿತ್ತು. ಟೀಚರ್ ಒಂದು ಬೆಳಿಗ್ಗೆ ಹತ್ತಿ ಕೂತಳು, ಗೇಟಿನ ತನಕವೂ ಹೋಗಲಾಗದೆ ಇಳಿದು ಬಂದಳು. ಒಂದು ಮಾತೂ ಆಡದೆ ಒಳಗೆ ಹೋಗಿ ತರಕಾರಿ ಹೆಚ್ಚತೊಡಗಿದಳು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಸುಮ್ಮನಿರುವಿಕೆಯನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ಅವಳ ತಮ್ಮ ವಾಹನಗಳ ಎಲೆಕ್ಟ್ರಿಷಿಯನ್. ಗೇರಿಲ್ಲದ ಹೊಸ ಕಾರು ತೆಗೆದುಕೊಂಡರೆ ಎಲ್ಲ ಸಲೀಸು ಎಂದ. ಅಕ್ಕ ಮೂಗು ಮುರಿದಳು. ತಾನು ಓಡಿಸಿದರೆ ಇದೇ ಕಾರು, ಇಲ್ಲದಿದ್ದರೆ ಯಾವುದೂ ಬೇಡ, ಆ ಮಾತು ಇನ್ನು ಎತ್ತಬೇಡಿ ಎಂದು ಇಬ್ಬರ ಬಾಯಿಗೂ ಬೀಗ ಹಾಕಿದಳು.

ಟರ್ನರ್ ಬಾಯಿಗೆ ಬೀಗ ಬಿದ್ದರೆ ಕೈಗೆ ಬೀಳುತ್ತದೆಯೇ? ಅವನು ಕಾರ್ಬುರೇಟರು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ತಲೆ ಕೆಡಿಸಿಕೊಂಡ. ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ಉಸಿರಾಡುವುದಕ್ಕೆ ಒಂದೇ ಬಾಯಿ. ಆ ಬಾಯಿಂದ ಗಾಳಿ ಉದ್ದನೆಯ ಕೊಳವೆ ಸುತ್ತಿಕೊಂಡು ಬರುವಷ್ಟರಲ್ಲಿ ಅದರ ಆತುರವೆಲ್ಲ ಕಳೆದಿರುತ್ತದೆ. ಒಂದೊಂದು ಸಿಲಿಂಡರಿಗೂ ಅದರದೇ ಗಂಟಲು, ಗಂಟಲಿಗೆ ಅದರದೇ ಬಾಗಿಲು ಮಾಡಿಕೊಟ್ಟರೆ? ಪೆಡಲನ್ನು ಮುಟ್ಟಿದರೆ ಸಾಕು, ಇಂಜಿನ್ನು ಓಗೊಡುತ್ತದೆ. ರೇಸಿನವರು ವೇಗಕ್ಕೆಂದು ಹಾಕಿಸುವ ಇಂಥ ಗಂಟಲುಗಳನ್ನು, ಅಂದರೆ ಥ್ರಾಟಲ್ ಬಾಡಿಗಳನ್ನು, ಈ ಮಹಾರಾಯ ಹೆಂಡತಿಯ ಪಾದಕ್ಕೆಂದು ಮಾಡಲು ಹೊರಟ.

ಈ ಕಾರಿಗೆ ಅಂಥವು ಅಂಗಡಿಯಲ್ಲಿ ಸಿಗುವುದಿಲ್ಲ. ದಪ್ಪ ಅಲ್ಯೂಮಿನಿಯಂ ಸರಳು ತಂದು, ನಾಲ್ಕು ತುಂಡು ಮಾಡಿ, ಲೇತಿಗೆ ಕಟ್ಟಿ ಕೊರೆದ. ಒಳಮೈ ಬೆರಳಿಗೆ ಬೆಣ್ಣೆಯಂತೆ ಸಿಗುವ ತನಕ ಬಿಡಲಿಲ್ಲ. ಬಾಗಿಲಿಗೆ ಹಿತ್ತಾಳೆ ಬಿಲ್ಲೆಗಳು. ಈ ಬಿಲ್ಲೆ ಪೂರ್ತಿ ದುಂಡಗಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅಂಚು ಓರೆಯಾಗಿರಬೇಕು. ಮೊದಲ ಕಂತಿನ ಬಿಲ್ಲೆಗಳೆಲ್ಲ ಹಾಳಾದವು. ಟೀಚರ್ ಅವನ್ನು ಆರಿಸಿ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿ, ಬಂದವರಿಗೆಲ್ಲ ಇವು ನಮ್ಮ ಯಜಮಾನರ ಪದಕಗಳು ಎಂದು ತೋರಿಸಿದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೆ ಕತ್ತರಿಸಿದ. ಪೆಡಲು ಒತ್ತಿದರೆ ನಾಲ್ಕೂ ಒಟ್ಟಿಗೆ ತಿರುಗಿ ತೆರೆಯುವಂತೆ ಬಿಲ್ಲೆಗಳನ್ನು ಒಂದೇ ಸರಳಿಗೆ ಪೋಣಿಸಿದ. ಪೆಟ್ರೋಲು ಚಿಮ್ಮಿಸುವ ನಳಿಗೆಗಳನ್ನೂ ಅವಕ್ಕೆ ಲೆಕ್ಕ ಹೇಳುವ ಡಬ್ಬಿಯನ್ನೂ ಭಾವಮೈದುನ ತಂದು ಕೂರಿಸಿದ. ಕೂರಿಸುತ್ತಾ, ಭಾವನಿಗೆ ಅಕ್ಕನ ಮೇಲೆ ಇಷ್ಟು ಪ್ರೀತಿ ಇರುವುದು ಮೊದಲೇ ಗೊತ್ತಿದ್ದರೆ ಮದುವೆಯಲ್ಲಿ ಇನ್ನಷ್ಟು ಸತಾಯಿಸುತ್ತಿದ್ದೆವು ಎಂದು ಕಿಚಾಯಿಸಿದ.

ಇಂಜಿನ್ನು ಹತ್ತಿಕೊಂಡಿತು. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಗಂಟಲಿಗೆ ಹಿಡಿದು, ನಾಲ್ಕರ ಉಸಿರೂ ಒಂದೇ ಸಮ ಕೇಳುವ ತನಕ ಟರ್ನರ್ ಸ್ಕ್ರೂ ತಿರುಗಿಸಿದ. ಕೈಯಲ್ಲಿ ಸರಳನ್ನು ಕೊಂಚ ತಿರುಗಿಸಿದರೂ ಇಂಜಿನ್ನು ಝಲ್ಲೆಂದು ಏರುತ್ತಿತ್ತು. ಅವನ ಖುಷಿಗೆ ಪಾರವೇ ಇರಲಿಲ್ಲ.

ಟೀಚರ್ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹತ್ತುವ ಮುಂಚೆ ಕಾರಿನ ಬಾಗಿಲು ಹಿಡಿದು ನಿಂತು ಹೇಳಿದಳು: "ನೋಡ್ರೀ, ನಿಮಗೋಸ್ಕರ ಕೂರ್ತೀನಿ. ಆಗಲಿಲ್ಲ ಅಂದ್ರೆ ಇದೇ ಕೊನೆ. ಆಮೇಲೆ ನೀವೂ ಕೇಳಬಾರದು, ನಾನೂ ನೆನೆಸಿಕೊಳ್ಳಲ್ಲ."

ಅವನು ಆಗಲಿ ಎಂದ. ಆಗದೇ ಇರುವ ಮಾತೇ ಅವನ ತಲೆಯಲ್ಲಿರಲಿಲ್ಲ.

ಅವಳು ಕೂತಳು. ಪಾದವನ್ನು ಪೆಡಲಿನ ಮೇಲಿಟ್ಟಳು. ಇಂಜಿನ್ನು ಇದ್ದ ಹಾಗೇ ಗುರುಗುಟ್ಟುತ್ತಿತ್ತು. ಅವಳ ಕತ್ತಿನ ನರ ಉಬ್ಬಿತು, ಮೇಲ್ದುಟಿಯಲ್ಲಿ ಬೆವರು ಮೂಡಿತು. ಪೆಡಲು ಅಲ್ಲಾಡಲಿಲ್ಲ. ಕೊನೆಗೆ ತೊಡೆಯಿಂದಲೇ ತುಳಿದಳು, ಇಂಜಿನ್ನು ಒಮ್ಮೆಗೇ ಕಿರುಚಿಕೊಂಡಿತು. ಅವಳು ಬೆಚ್ಚಿ ಕಾಲು ತೆಗೆದು ಕೀಲಿ ತಿರುಗಿಸಿ ಆರಿಸಿದಳು.

ಏನಾಗಿತ್ತೆಂದರೆ, ಬಿಲ್ಲೆಯ ಬಾಗಿಲು ತೆರೆದೇ ಸಿಕ್ಕಿಕೊಂಡರೆ ಗತಿಯೇನು ಎಂಬ ಭಯಕ್ಕೆ ಅವನು ನಾಲ್ಕು ಗಂಟಲಿಗೂ ಅದನ್ನು ಎಳೆದು ಮುಚ್ಚುವ ಒಂದೊಂದು ಸ್ಪ್ರಿಂಗ್ ಹಾಕಿದ್ದ. ಬಿಗಿ ಎಷ್ಟಿದೆ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಹಗುರ ಎಂದುಕೊಂಡಿದ್ದ. ಜೀವಮಾನವೆಲ್ಲ ಲೇತಿನಲ್ಲಿ ಲೋಹ ಹಿಡಿಯುವ ಚಕ್ ಬಿಗಿದ ಹೆಬ್ಬೆರಳು ಅದು! ಅದಕ್ಕೆ ಯಾವುದು ತಾನೇ ಭಾರ? ಕೂದಲೆಳೆಯನ್ನೂ ಬಿಡದೆ ಅಳೆದವನು ಹೆಂಡತಿಯ ಪಾದವನ್ನು ಒಂದು ಸಲವೂ ಅಳೆದಿರಲಿಲ್ಲ. ಅದು ಅವನಿಗೆ ಹೊಳೆದದ್ದೇ ಈಗ.

ಅವಳು ಇಳಿಯಲು ಕಾಲು ಹೊರಗಿಟ್ಟಳು. ಅವನು ಅಲ್ಲೇ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತು, ಅವಳ ಚಪ್ಪಲಿ ಬಿಚ್ಚಿ, ತನ್ನ ಅಂಗೈ ಚಾಚಿದ.

"ಇದರ ಮೇಲೆ ಒತ್ತು ಟೀಚರ್. ಎಷ್ಟಾಗುತ್ತೋ ಅಷ್ಟು."

"ಎದ್ದೇಳಿ, ಯಾರಾದ್ರೂ ನೋಡಿದ್ರೆ ನಗ್ತಾರೆ."

"ನಗಲಿ. ಒತ್ತು."

ಅವಳು ಒತ್ತಿದಳು. ಅವನು ಕಾದ. ಆಮೇಲೆ ಅವಳ ಮುಖ ನೋಡಿದಾಗ, ಅವಳು ಆಗಲೇ ಒತ್ತುತ್ತಿದ್ದಾಳೆ ಎಂದು ಗೊತ್ತಾಯಿತು. ಅಂಗೈಗೆ ತಿಳಿದದ್ದು ಇಷ್ಟೇ ಇಷ್ಟು. ಅದೂ ಮೊದಲಿಗೆ ಗಡಗಡ ನಡುಗಿ, ಆಮೇಲೆ ಒಂದು ಹದಕ್ಕೆ ಬಂದು ನಿಲ್ಲುತ್ತಿತ್ತು. ವರ್ಷವಿಡೀ ಹೇಗಿದೆ ಕಾಲು ಎಂದು ಕೇಳಿದಾಗಲೆಲ್ಲ ಅವಳು ಪರವಾಗಿಲ್ಲ ಎಂದಿದ್ದಳು, ಅವನು ನಂಬಿದ್ದ. ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ತಲೆ ತಗ್ಗಿಸಿದ. ಕಣ್ಣೀರು ಅವಳ ಪಾದದ ಮೇಲೆಯೇ ಬಿತ್ತು.

"ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀವು ಮಾಡೋದನ್ನ ನಿಲ್ಲಿಸ್ತಿದ್ರಿ." ಅವಳು ಅವನ ತಲೆಯ ಮೇಲಿದ್ದ ಅಲ್ಯೂಮಿನಿಯಂ ಸಿಪ್ಪೆಯನ್ನು ತೆಗೆದುಹಾಕಿದಳು. "ನಾನು ಲಕ್ವ ಹೊಡೆದು ಮಲಗಿದಾಗಿನಿಂದ ನೀವು ಲೇತ್ ಮುಟ್ಟಿರಲಿಲ್ಲ. ನನ್ನ ಮುಖಾನೇ ನೋಡ್ತಾ ಕೂರ್ತಿದ್ರಿ. ಇದು ಶುರು ಮಾಡಿದ ಮೇಲೆ ಮನುಷ್ಯರಾದ್ರಿ. ಕಾರು ಓಡದಿದ್ರೆ ಹೋಗಲಿ, ನೀವು ಸರಿಹೋದ್ರೆ ಸಾಕು ಅನ್ನಿಸ್ತು ನನಗೆ."

ಅವಳಿಗಾಗಿ ತಾನು ದುಡಿಯುತ್ತಿದ್ದೇನೆ ಎಂದು ಅವನು ಬೀಗುತ್ತಿದ್ದಾಗ, ಅವಳು ಕಾರು ಓಡಿಸುವ ಆಸೆಯೇ ಇಲ್ಲದೆ ಅವನು ಸರಿಹೋಗಲಿ ಎಂದು ಕಾದಿದ್ದಳು. ಮೂಗು ಒರೆಸಿಕೊಂಡು, ಆ ಕೊನೆಯ ಸಲ ಎಂಬ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಎಂದು ಕೇಳಿದ. ಟೀಚರ್ ಬಲು ಬಿಗಿ. ವಾಪಸು ತೆಗೆದುಕೊಳ್ಳಲಿಲ್ಲ. ಇನ್ನೂ ತಾನು ಕಾರಿನಿಂದ ಇಳಿದಿಲ್ಲವಾದ್ದರಿಂದ ಈ ಸಲ ಇನ್ನೂ ಮುಗಿದಿಲ್ಲ ಎಂದಳು.

ಮರುದಿನದಿಂದ ಅಳತೆಯೆಲ್ಲ ಅಂಗೈಯಲ್ಲೇ ನಡೆಯಿತು. ಬೆಳಿಗ್ಗೆ ಕಾಫಿ ಕುಡಿದು ಅವಳು ಬಂದು ಸೀಟಿನಲ್ಲಿ ಕೂತು ಅವನ ಕೈಮೇಲೆ ಪಾದ ಒತ್ತುವಳು. ಅವನು ಎದ್ದುಹೋಗಿ ಲೋಹ ಕೊರೆಯುವನು. ನಾಲ್ಕು ಸ್ಪ್ರಿಂಗುಗಳನ್ನೂ ಕಿತ್ತು, ಸರಳಿಗೆ ಎರಡೇ ಎರಡು ಮೆತ್ತನೆಯವನ್ನು ಹಾಕಿದ, ಒಂದು ತುಂಡಾದರೂ ಬಾಗಿಲುಗಳನ್ನು ಇನ್ನೊಂದು ಮುಚ್ಚಲಿ ಎಂದು. ಸರಳಿನ ತುದಿಯಲ್ಲಿ ಪೆಡಲಿನ ಕೇಬಲ್ ಸುತ್ತುವ ಗಾಲಿಯನ್ನು ದುಂಡಗೆ ಬಿಡದೆ ಮೊಟ್ಟೆಯಂತೆ ತಿದ್ದಿದ. ಪಾದ ನಡುಗುವಷ್ಟು ದೂರ ಬಾಗಿಲುಗಳು ನಿಧಾನಕ್ಕೆ ತೆರೆಯಬೇಕು. ಹದಕ್ಕೆ ಬಂದ ಮೇಲೆ ಬೇಗ. ಅರದಿಂದ ಒಂದಿಷ್ಟು ಉಜ್ಜುವುದು, ಅವಳನ್ನು ಒತ್ತಿಸುವುದು, ಮತ್ತೆ ಉಜ್ಜುವುದು. ಭಾವಮೈದುನ ಒಂದು ದಿನ ಓಡಿಸಿ ನೋಡಿ, ಇದೇನು ಭಾವ, ನನ್ನ ಕಾಲಿಗೆ ಗಾಡಿ ಹಿಡಿತಕ್ಕೇ ಬರುವುದಿಲ್ಲ ಎಂದು ಗೊಣಗಿದ. ಟರ್ನರಿಗೆ ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಕಿರಲಿಲ್ಲ.

ಹಾಗೆ ಒಂದು ಬೆಳಿಗ್ಗೆ ಅವಳು ಕಾಲಿಟ್ಟಳು, ಇಂಜಿನ್ನು ಮೆಲ್ಲಗೆ ದನಿ ಏರಿಸಿತು. ಕ್ಲಚ್ ಬಿಟ್ಟಳು, ಕಾರು ಕುಲುಕಾಡದೆ ಸರಿಯಿತು. ಗೇಟು ದಾಟಿತು. ಓಣಿ ಮುಗಿದು ದೊಡ್ಡ ರಸ್ತೆ ಬರುವಲ್ಲಿ, ತೊಡೆಯ ಬಲದಿಂದ ಬ್ರೇಕ್ ಒತ್ತಿ ನಿಲ್ಲಿಸಿದಳು. ಪಕ್ಕದಲ್ಲಿ ಕೂತಿದ್ದ ಅವನು ಇನ್ನೂ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಇಳೀರಿ," ಎಂದಳು ಟೀಚರ್. "ನೀವಿದ್ರೆ ನನ್ನ ಕಣ್ಣು ನಿಮ್ಮ ಮೇಲೇ ಇರುತ್ತೆ. ಒಬ್ಬಳೇ ಹೋಗಿಬರ್ತೀನಿ."

ಅವನಿಗೆ ಬೇಡ ಎನ್ನಬೇಕೆನಿಸಿತು. ಅವಳ ಮುಖ ನೋಡಿ ಇಳಿದ. ಅವಳು ಒಂದು ಲಾರಿಗೆ ದಾರಿ ಬಿಟ್ಟು, ಕನ್ನಡಿ ನೋಡಿಕೊಂಡು ರಸ್ತೆಗಿಳಿದಳು. ಅವನು ಕಣ್ಣಿನಿಂದ ನೋಡಲಿಲ್ಲ, ಕಿವಿಯಿಂದ ಅವಳ ಪಾದವನ್ನೇ ಹಿಂಬಾಲಿಸಿದ. ಈಗ ಒತ್ತಿದಳು. ಈಗ ಬಿಟ್ಟಳು, ಎರಡನೇ ಗೇರು. ಮತ್ತೆ ಒತ್ತಿದಳು, ನಡುಕವಿಲ್ಲ. ಮೂರನೆಯದು. ತಿರುವಿನಾಚೆ ಆ ಸದ್ದು ಬೇರೆ ಸದ್ದುಗಳಲ್ಲಿ ಸೇರಿಹೋಯಿತು.

ಅವಳು ಕಾಯಿಲೆ ಬಿದ್ದಂದಿನಿಂದ ಬಚ್ಚಲಿನಲ್ಲಿ ಸ್ವಲ್ಪ ತಡವಾದರೂ ಅವನು ಬಾಗಿಲು ಬಡಿಯುತ್ತಿದ್ದ. ಈಗ ರಸ್ತೆಯ ಪಕ್ಕದ ಮೋರಿಕಟ್ಟೆಯ ಮೇಲೆ ಕೂತು, ಅವಳು ಮನಸಾರೆ ಓಡಿಸಲಿ, ಬೇಗ ಬಾರದಿರಲಿ ಎಂದು ಬೇಡಿಕೊಂಡ.