ಗೋಡೆಗೆ ಮುಖ ಮಾಡಿ ಕೂತವಳು

ಕಲ್ಲಿನ ಹೆಂಗಸು ಗೋಡೆಯ ಕಡೆ ತಿರುಗಿ ಯಾಕೆ ಕೂತಿದ್ದಾಳೆ? ಹ್ಯೇರಿಮ್‌ಗೆ ಎಷ್ಟು ಯೋಚಿಸಿದರೂ ಬಗೆಹರಿಯದೆ ಉಳಿದ ಪ್ರಶ್ನೆ ಅದೊಂದೇ.

ದೊಡ್ಡ ಕಟ್ಟಡ ಕಟ್ಟುವವರು ಅದರ ಮುಂದೆ ಒಂದು ಕಲಾಕೃತಿ ಇಡಲೇಬೇಕು ಎನ್ನುವುದು ಇಂಚನ್ ನಗರದಲ್ಲಿ ಹಳೆಯ ನಿಯಮ. ಇಟ್ಟ ಮೇಲೆ ಅದರ ಗತಿಯೇನಾಯಿತು ಎಂದು ಯಾರೂ ಕೇಳಿರಲಿಲ್ಲ. ಈಗ ಆ ನಿಯಮವನ್ನು ತಿದ್ದುವ ಕೆಲಸ ನಗರಾಡಳಿತದ ಕಚೇರಿಯಲ್ಲಿದ್ದ ಹ್ಯೇರಿಮ್ ಪಾಲಿಗೆ ಬಂದಿತ್ತು. ಹೊಸ ಕರಡಿನಲ್ಲಿ ಅವಳೇ ಒಂದು ಸಾಲು ಸೇರಿಸಿದ್ದಳು: ರಸ್ತೆಯಿಂದ ಸರಿಯಾಗಿ ಕಾಣದ ಕೃತಿಯನ್ನು, ಕಲಾವಿದರು ಒಪ್ಪಿದರೆ, ತೆಗೆದುಹಾಕಬಹುದು. ಹೇಸೋಂಗ್ ಅಪಾರ್ಟ್‌ಮೆಂಟಿನ ಈ ಹೆಂಗಸು ಆ ಸಾಲಿಗೆ ಹೇಳಿ ಮಾಡಿಸಿದಂತಿದ್ದಳು. ರಸ್ತೆಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ.

ಅದನ್ನೇ ಕೇಳಲು ಫೋನ್ ಮಾಡಿದಾಗ, ಅವಳನ್ನು ಕೆತ್ತಿದ ಶಿಲ್ಪಿ ಮೇಂಗ್ ಓಕ್ಜು ಮರೆಮಾಚದೆ ಹೇಳಿದಳು.

"ಕಲಾಕೃತಿ ಕೂರಿಸದೆ ಕಟ್ಟಡಕ್ಕೆ ಮಂಜೂರಾತಿ ಸಿಗಲ್ವಲ್ಲಮ್ಮ. ನಾಳೆ ತಪಾಸಣೆ ಅನ್ನೋವಾಗ ಬಿಲ್ಡರ್ ಕಡೆಯೋರು ಗಡಿಬಿಡೀಲಿ ಹಿಂದುಮುಂದಾಗಿ ಇಳಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿಬಿಟ್ರು. ಈಗ ತಿರುಗಿಸೋಕೆ ಹೋದ್ರೆ ಸೊಂಟಕ್ಕೇ ಬಿರುಕು. ಆಮೇಲೆ ನಾನು ಆ ಕಡೆ ತಲೆ ಹಾಕಿಲ್ಲ."

ಆಮೇಲೆ ಅವಳೇ ಮುಂದುವರಿಸಿದಳು.

"ಆ ಮುಖ ಕೆತ್ತೋಕೇ ಒಂದು ಚಳಿಗಾಲ ಹಿಡೀತು ನಂಗೆ. ಯಾರೂ ನೋಡದ ಮುಖ ಇದ್ದು ಏನು? ಒಡೆದು ಹಾಕಿ. ನಾನೇ ಬಂದು ಸಹಿ ಹಾಕ್ತೀನಿ."

ಹಾಗೆಂದು ಬಂದೂ ಬಂದಳು. ಇಬ್ಬರೂ ಅಪಾರ್ಟ್‌ಮೆಂಟಿನ ಹತ್ತಿರ ಹೋದಾಗ ಅಜ್ಜಿಯೊಬ್ಬಳು ಆ ಕಲ್ಲಿನ ಬೆನ್ನಿಗೆ ತನ್ನ ಬೆನ್ನು ಆನಿಸಿ, ಬಿಸಿಲಲ್ಲಿ ಕಾಲು ಚಾಚಿ, ಕಿಮ್ಚಿ ಉಪ್ಪಿನಕಾಯಿಗೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನಮ್ಮ ಮುನಿಸಮ್ಮನ್ನ ನೋಡೋಕೆ ಬಂದ್ರಾ?"

"ಮುನಿಸು ಯಾಕಂತೆ ಅಜ್ಜಿ?" ಹ್ಯೇರಿಮ್ ಕೇಳಿದಳು.

"ಗಂಡ ಕುಡಿದು ಬಂದಿರ್ಬೇಕು. ನನ್ನ ಸೊಸೇನ ಕೇಳಿದ್ರೆ ಅತ್ತೆ ಕಾಟ ಅಂತಾಳೆ."

ಓಕ್ಜು ನಗಲಿಲ್ಲ. ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು ಕೇಳಿದಳು.

"ಇವಳ ಮುಖ ಯಾರಾದ್ರೂ ನೋಡಿದೀರಾ?"

ಅಜ್ಜಿಯ ಕೈ ನಿಂತಿತು. "ಅದನ್ನ ಹೀಗೆ ಬೀದೀಲಿ ನಿಂತು ಕೇಳ್ತಾರಾ, ತಾಯಿ?" ಆಮೇಲೆ ದನಿ ತಗ್ಗಿಸಿ ಗದ್ದದಿಂದಲೇ ಪಕ್ಕಕ್ಕೆ ಸನ್ನೆ ಮಾಡಿದಳು.

ಗೋಡೆಗೂ ಕಲ್ಲಿಗೂ ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಸಂದಿಯಿತ್ತು. ಅದರೊಳಗೆ ಸ್ನಾನದ ಮನೆಯ ಪುಟ್ಟ ಪ್ಲಾಸ್ಟಿಕ್ ಮಣೆಯ ಅಂಚು ಕಾಣುತ್ತಿತ್ತು.

"ಇಲ್ಲಿ ಮನೆ ಗೋಡೆಗಳೆಲ್ಲ ತೆಳು. ಅತ್ರೆ ಮೇಲಿನೋರಿಗೂ ಕೇಳುತ್ತೆ, ಕೆಳಗಿನೋರಿಗೂ ಕೇಳುತ್ತೆ. ಅದಕ್ಕೇ ಇಲ್ಲಿ ಬಂದು ಅವಳೆದುರು ಕೂರ್ತಾರೆ. ಒಬ್ರು ಒಳಗಿದ್ರೆ ಇನ್ನೊಬ್ರು ಹೋಗಲ್ಲ. ಬಂದವರನ್ನ ಯಾಕೆ ಅಂತ ಯಾರೂ ಕೇಳಲ್ಲ. ನನ್ನ ಮಗಳು ತೀರಿಕೊಂಡಾಗ ನಾನೂ ಕೂತಿದ್ದೆ."

ಓಕ್ಜು ಸಂದಿಯೊಳಗೆ ನುಸುಳಿದಳು. ಮಣೆ ಸರಿದ ಸದ್ದು ಒಮ್ಮೆ ಬಂತು. ಹ್ಯೇರಿಮ್‌ಗೆ ಇಣುಕಬೇಕೆಂಬ ಆಸೆ ತಡೆಯಲಾಗಲಿಲ್ಲ. ಒಂದು ಹೆಜ್ಜೆ ಇಟ್ಟಳು. ಅಜ್ಜಿ ತಲೆಯೆತ್ತದೆ ಅವಳ ಕೋಟಿನ ತುದಿ ಹಿಡಿದು ಹಿಂದಕ್ಕೆ ಎಳೆದಳು.

ಹೊರಗೆ ಬಂದ ಓಕ್ಜು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಎಡಗೆನ್ನೆ ಕೈ ತಾಗಿ ತಾಗಿ ಸವೆದಿದೆ. ನಾನು ಉಜ್ಜಿದ್ದಕ್ಕಿಂತ ನಯವಾಗಿದೆ."

"ಮೇಡಂ, ಸಹಿ..."

"ಹಾಕಲ್ಲಮ್ಮ. ಅವಳನ್ನ ಅಲ್ಲೇ ಬಿಡಿ." ಅಜ್ಜಿಯ ಪಕ್ಕ ಕೂತು ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡಳು.

"ಮಾಡಿದೋರು ನೀವೇನಾ?" ಅಜ್ಜಿ ಅವಳ ಕೈಯನ್ನೇ ನೋಡಿದಳು. "ಹಾಗಾದ್ರೆ ಮೆಲ್ಲಗೆ ಸುಲೀರಿ, ಅದು ಕಲ್ಲಲ್ಲ."

ಹ್ಯೇರಿಮ್ ಕರಡು ತೆಗೆದು 'ರಸ್ತೆಯಿಂದ ಸರಿಯಾಗಿ ಕಾಣದ' ಎಂಬುದನ್ನು ಹೊಡೆದು ಹಾಕಿದಳು. ಅದರ ಜಾಗದಲ್ಲಿ 'ಸುತ್ತಲಿನವರಿಗೆ ಬೇಡವಾದ' ಎಂದು ಬರೆದಳು. ಅವರನ್ನು ಕೇಳುವುದು ಹೇಗೆ? ಇಂಥದ್ದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಅದು ಇನ್ನೂ ಹೊಳೆದಿರಲಿಲ್ಲ.

ಕಾಗದ ಮಡಚಿ, ಒಮ್ಮೆ ಆ ಮುಖ ನೋಡಿಯೇ ಹೋಗೋಣವೆಂದು ಸಂದಿಯ ಹತ್ತಿರ ಹೋದಳು. ಅಷ್ಟರಲ್ಲಿ ಟೈ ಸಡಿಲಿಸಿಕೊಂಡ ಗಂಡಸೊಬ್ಬ ಬಂದು, ನೆಲ ನೋಡುತ್ತ, ಸ್ವಲ್ಪ ದೂರದಲ್ಲಿ ನಿಂತ.

ಹ್ಯೇರಿಮ್ ಅವನನ್ನು ಏನೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.